ಸಂತೆ ಮುಚ್ಚಿಸಿದ ಸಂಪಾದಕರು

ಅರಸೀಕೆರೆಯ ವಿಜಯಸಾರಥಿಯವರಿಗೆ ಎಲ್ಲಾದರೂ ಕಾಗುಣಿತ ತಪ್ಪಿದ್ದು ಕಂಡರೆ ಅನ್ನ ಸೇರುತ್ತಿರಲಿಲ್ಲ. ತಂದೆ ಬೇಲೂರಿನ ದೇವಸ್ಥಾನದಲ್ಲಿ ಪಾರಾಯಣ ಮಾಡುತ್ತಿದ್ದವರು. ಒಂದು ದೀರ್ಘ ಹ್ರಸ್ವವಾದರೂ ಮಗನ ಕಿವಿ ಹಿಂಡುತ್ತಿದ್ದರು. ಆ ಶಿಕ್ಷಣದ ಬಲದ ಮೇಲೆ ಮಗ ಅರಸೀಕೆರೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸು ಇಟ್ಟರು. ಜನ ಮದುವೆಗೆ ಫೋನಿನಲ್ಲೇ ಕರೆಯಲು ಶುರುಮಾಡಿದ ಮೇಲೆ ಪ್ರೆಸ್ಸಿನಲ್ಲಿ ನೊಣ ಹೊಡೆಯುವುದೇ ಕೆಲಸವಾಯಿತು. ಆಗ ಅವರು ‘ಕಲ್ಪತರು ಕಿಟಕಿ’ ಎಂಬ ಸುದ್ದಿ ವೆಬ್‌ಸೈಟ್ ತೆರೆದರು. ಸಂಪಾದಕರು, ವರದಿಗಾರರು, ಕರಡು ತಿದ್ದುವವರು ಎಲ್ಲ ಅವರೇ. ಪ್ರತಿ ಸುದ್ದಿಯ ಮೇಲೂ ಶಾಲು ಹೊದ್ದ ಅವರದೇ ಫೋಟೋ.

ಮೊದಮೊದಲು ಸುದ್ದಿ ಬಹಳ ಶುದ್ಧವಾಗಿರುತ್ತಿತ್ತು, ಬಹಳ ತಡವಾಗಿಯೂ ಇರುತ್ತಿತ್ತು. ಕರೆಂಟು ಹೋಗಲಿದೆ ಎಂಬುದನ್ನು ಅವರು ತಿದ್ದಿ ಮುಗಿಸುವಷ್ಟರಲ್ಲಿ ಕರೆಂಟು ಹೋಗಿ, ಬಂದೂ ಆಗಿರುತ್ತಿತ್ತು. ಓದುವವರೆಂದರೆ ಬೇಲೂರಿನ ಒಂದಿಬ್ಬರು ನೆಂಟರು, ಮತ್ತು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಹೆಂಡತಿ ಕಮಲ.

“ಓದೋರೇ ಇಲ್ಲದ ಮೇಲೆ ಈ ಅಲ್ಪಪ್ರಾಣ ಮಹಾಪ್ರಾಣ ಯಾರಿಗೆ ತೋರಿಸ್ತೀರಿ?” ಎಂದು ಕಮಲ ಒಂದು ದಿನ ಕೇಳಿದರು.

ಆ ಮಾತು ನಾಟಿತು. ವೆಬ್‌ಸೈಟಿಗೆ ಓದುಗರನ್ನು ಸೆಳೆಯುವುದು ಹೇಗೆಂದು ಬೆಂಗಳೂರಿನಲ್ಲಿ ನಡೆದ ಒಂದು ತರಬೇತಿಗೆ ವಿಜಯಸಾರಥಿಯವರು ಹೋಗಿ ಬಂದರು. ತಲೆಬರಹದಲ್ಲಿ ಪೂರ್ತಿ ವಿಷಯ ಬಿಟ್ಟುಕೊಡಬಾರದು, ಪ್ರಶ್ನೆ ಕೇಳಬೇಕು, ಓದುಗ ಬೆಚ್ಚಬೇಕು ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಇದಕ್ಕೆಲ್ಲ ‘ಕಂಟೆಂಟ್ ಸ್ಟ್ರಾಟಜಿ’ ಎಂದು ಹೆಸರು. ಅದನ್ನು ಅವರು ವಾರವಿಡೀ ಮನೆಯಲ್ಲಿ ಎಷ್ಟು ಸಲ ಹೇಳಿದರೆಂದರೆ, ಕಮಲ ಒಂದು ಬೆಳಗ್ಗೆ ತಟ್ಟೆಯ ಮೇಲೆ ಮುಚ್ಚಳ ಹಾಕಿ ತಂದಿಟ್ಟು, “ಒಳಗೇನಿದೆ? ನೋಡಿದ್ರೆ ಬೆಚ್ಚಿ ಬೀಳ್ತೀರಿ” ಅಂದರು. ಒಳಗೆ ಎಂದಿನ ಉಪ್ಪಿಟ್ಟೇ ಇತ್ತು.

ವಿಜಯಸಾರಥಿಯವರು ಹಿಡಿದ ಹಟ ಬಿಡಲಿಲ್ಲ. ಅದೇ ಹೊತ್ತಿಗೆ ಜಾವಗಲ್ಲಿನ ಸಂತೆ ಮೈದಾನಕ್ಕೆ ಕಾಂಕ್ರೀಟ್ ಹಾಕುತ್ತಿದ್ದರು. ಆ ವಾರ ವ್ಯಾಪಾರದವರು ರಸ್ತೆಯ ಎದುರು ಬದಿ ಕೂರಬೇಕಿತ್ತು. ಸುದ್ದಿ ಇಷ್ಟೇ. ಇವರು ಕೊಟ್ಟ ತಲೆಬರಹ: ‘ಜಾವಗಲ್ ಸಂತೆ ಇನ್ನು ನೆನಪು ಮಾತ್ರವೇ?’ ನಿಜ ಸಂಗತಿ ಕೆಳಗೆ, ಕೊನೆಯ ಪ್ಯಾರಾದಲ್ಲಿ, ಅಪ್ಪಟ ಕನ್ನಡದಲ್ಲಿ ಇತ್ತು. ಅಲ್ಲಿಯವರೆಗೆ ಯಾರೂ ಹೋಗಲಿಲ್ಲ. ತಲೆಬರಹ ಮಾತ್ರ ಫೋನಿಂದ ಫೋನಿಗೆ ಹಾರಿತು. ಸುದ್ದಿ ತೆರೆದವರ ಸಂಖ್ಯೆ ಏರುವುದನ್ನು ನೋಡುತ್ತಾ ಸಂಪಾದಕರು ಕಾಫಿ ಆರಿದ್ದನ್ನೂ ಮರೆತರು.

ಸಂತೆಯ ದಿನ ಇನ್ನೊಂದು ಸುದ್ದಿ ಮಾಡೋಣವೆಂದು ಹುರುಪಿನಲ್ಲಿ ಬಸ್ಸು ಹತ್ತಿ ಜಾವಗಲ್ಲಿಗೆ ಹೋದರು. ರಸ್ತೆ ಬದಿಯಲ್ಲಿ ಮಾರುವವರು ಸಾಲಾಗಿ ಕೂತಿದ್ದರು. ಕೊಳ್ಳುವವರು ಇರಲಿಲ್ಲ. ಗಂಡಸಿ ಊರಿನ ಕಡೆಯಿಂದ ಸೊಪ್ಪು ತಂದಿದ್ದ ಬೋರಮ್ಮ ಎಂಬ ಮುದುಕಿ ಇವರನ್ನು ಕಂಡು ಕೇಳಿದಳು:

“ಏನ್ ಸ್ವಾಮಿ, ಸಂತೆ ನಿಂತೋಗೈತಂತೆ, ನೀವ್ಯಾಕೆ ಬಂದ್ರಿ?”

“ಯಾರು ಹೇಳಿದ್ದು?”

“ಯಾವನೋ ಪೋನ್ನಾಗೆ ಬರ್ದವ್ನಂತೆ. ಅವನ ಬಾಯಿಗೆ ಮಣ್ಣಾಕ.”

ವಿಜಯಸಾರಥಿಯವರು ಸೊಪ್ಪು ಕೊಳ್ಳತೊಡಗಿದರು. ದಂಟು, ಮೆಂತ್ಯ, ಸಬ್ಬಸಿಗೆ, ಮತ್ತೆ ದಂಟು. ಪಕ್ಕದಲ್ಲಿ ಟೊಮೆಟೊ ಇಟ್ಟುಕೊಂಡಿದ್ದ ಉಮೇಶ್ ಒಮ್ಮೆ ತನ್ನ ಫೋನನ್ನೂ ಒಮ್ಮೆ ಇವರ ಮುಖವನ್ನೂ ನೋಡಿದ.

“ಯಾವನೋ ಅಲ್ಲ ಕಣಜ್ಜಿ, ಇವ್ರೇಯ. ಶಾಲಿಲ್ಲ ಅಷ್ಟೇ.”

ಬೋರಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ಅವರಿಗೆ ಅನ್ನಿಸಿತು.

“ಒಳಗೆ ನಿಜ ಬರೆದಿದ್ದೀನಿ ತಾಯಿ,” ಎಂದರು ತಡವರಿಸುತ್ತಾ.

“ಬಾಗ್ಲಾಗೆ ಅಂಗ್ಡಿ ಮುಚ್ಚೈತೆ ಅಂತ ಬೋರ್ಡು ಹಾಕ್ಬುಟ್ರೆ ಒಳೀಕೆ ಯಾರ್ ಬತ್ತಾರೆ ಸ್ವಾಮಿ?”

“ತೆಗೆದಾಕ್ಬುಡಿ ಸಾರ್, ಯಾರ್ಗೂ ಗೊತ್ತಾಗಲ್ಲ,” ಎಂದ ಉಮೇಶ್.

ವಿಜಯಸಾರಥಿಯವರ ಬೆರಳೂ ಸುದ್ದಿ ಅಳಿಸುವ ಗುಂಡಿಯತ್ತಲೇ ಹೋಗಿತ್ತು. ಆದರೆ ಅಳಿಸಿದರೆ, ಈಗಾಗಲೇ ನಂಬಿ ಮನೆಯಲ್ಲಿ ಕೂತವರಿಗೆ ಸುದ್ದಿ ಸುಳ್ಳೆಂದು ತಿಳಿಯುವುದು ಹೇಗೆ? ಅಲ್ಲೇ ಟೊಮೆಟೊ ಕ್ರೇಟಿನ ಮೇಲೆ ಕೂತು, ಹಳೆಯ ಸುದ್ದಿಯ ನೆತ್ತಿಯ ಮೇಲೆ ಬರೆದರು: ‘ಈ ತಲೆಬರಹ ತಪ್ಪು. ಸಂತೆ ನಿಂತಿಲ್ಲ, ಈ ವಾರ ರಸ್ತೆಯ ಎದುರು ಬದಿ ನಡೆಯುತ್ತಿದೆ. ತಪ್ಪು ನನ್ನದು.’ ಆಮೇಲೆ ಬೋರಮ್ಮನನ್ನು, “ಹೊಸದಾಗಿ ಏನಂತ ಹಾಕಲಿ?” ಎಂದು ಕೇಳಿದರು.

“ಸಂತೆ ಐತೆ, ಬನ್ನಿ ಅಂತ ಹಾಕಿ.”

ಬೆರಳು ತಾನಾಗಿಯೇ ‘ಇದೆ’ ಎಂದು ಬರೆಯಿತು. ಉಮೇಶ್ ಬಗ್ಗಿ ನೋಡಿ ಅದನ್ನು ಗಟ್ಟಿಯಾಗಿ ಓದಿದ.

“ಅದೇನು ಸರ್ಕಾರಿ ನೋಟೀಸಾ?” ಎಂದಳು ಮುದುಕಿ.

ತಂದೆಯವರನ್ನು ಮನಸ್ಸಿನಲ್ಲೇ ನೆನೆದು, ಕ್ಷಮೆ ಕೇಳಿ, ವಿಜಯಸಾರಥಿಯವರು ‘ಐತೆ’ ಎಂದು ತಿದ್ದಿದರು. ಸೊಪ್ಪು ಹಿಡಿದ ಬೋರಮ್ಮನ ಫೋಟೋ ಹಾಕಿದರು.

ಮಧ್ಯಾಹ್ನದ ಹೊತ್ತಿಗೆ ಜನ ಬರತೊಡಗಿದರು. ಕೆಲವರು ತರಕಾರಿಗೆ, ಕೆಲವರು ಸಂತೆ ಮುಚ್ಚಿಸಿದವರನ್ನು ನೋಡುವುದಕ್ಕೆ. ಹಾಗೆಂದು ಎಲ್ಲ ಸರಿಹೋಯಿತು ಅನ್ನುವಂತಿಲ್ಲ; ಬಿಸಿಲಿಗೆ ಸೊಪ್ಪು ಅರ್ಧ ಬಾಡಿತ್ತು. ಬಾಡಿದ್ದನ್ನೂ ಕೊಂಡು, ಚೀಲ ಹೊತ್ತು ಸಂಪಾದಕರು ಮನೆಗೆ ಬಂದರು.

ನಡೆದದ್ದನ್ನು ಕೇಳಿ ಕಮಲ ನಗು ತಡೆಯಲಾರದೆ ಸೊಪ್ಪು ಸೋಸುವುದನ್ನೇ ನಿಲ್ಲಿಸಿದರು. ಆಮೇಲೆ ಹೇಳಿದರು: “ಇನ್ಮೇಲೆ ತಲೆಬರಹ ಮಾತ್ರ ನನಗೆ ಓದಿ. ನನಗೇನು ಅರ್ಥ ಆಯ್ತು ಅಂತ ಹೇಳ್ತೀನಿ. ಒಳಗಿರೋದೂ ಅದೇ ಆದ್ರೆ ಹಾಕಿ.”

ಅಂದಿನಿಂದ ಆ ಮನೆಯಲ್ಲಿ ಸಂಪಾದಕರ ಮೇಲೊಬ್ಬ ಸಂಪಾದಕಿ ಇದ್ದಾರೆ. ಸುದ್ದಿ ಯಾರದ್ದೋ ಅವರಿಗೆ ಮೊದಲು ಫೋನು ಮಾಡಬೇಕು ಎಂಬುದು ವಿಜಯಸಾರಥಿಯವರೇ ಹಾಕಿಕೊಂಡ ನಿಯಮ. ಆ ಸುಳ್ಳು ತಲೆಬರಹಕ್ಕೆ ಬಂದಷ್ಟು ಜನ ಮತ್ತೆಂದೂ ಬಂದಿಲ್ಲ. ಬಂದವರು ಮಾತ್ರ ಮರುದಿನವೂ ಬರುತ್ತಾರೆ. ಬೋರಮ್ಮ ಮೊಮ್ಮಗಳ ಫೋನಿನಿಂದ ಆಗಾಗ ತರಕಾರಿ ರೇಟು ತಿಳಿಸುತ್ತಾಳೆ.

ಮೊನ್ನೆ ‘ಹಳೇಬೀಡಿಗೆ ಬೆಳಗಿನ ಬಸ್ಸು ಇನ್ನಿಲ್ಲ’ ಎಂದು ಓದಿದಾಗ ಕಮಲ ಹುಬ್ಬೇರಿಸಿದರು. “ಇನ್ನಿಲ್ಲ ಅಂದ್ರೆ ಬಸ್ಸು ತೀರಿಕೊಂಡ ಹಾಗಿದೆ. ವಿಷಯ ಏನು?”

“ಅರ್ಧ ಗಂಟೆ ತಡವಾಗಿ ಹೊರಡುತ್ತಂತೆ.”

“ಎಂದಿನಿಂದ?”

ಅದು ಗೊತ್ತಿರಲಿಲ್ಲ. ಸಂಪಾದಕರು ಎದ್ದು ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಕೇಳಲು ಹೊರಟರು.