ಕಳಚದ ಬಾಲಯೇಸು

ಮರದ ಸಂತರು ಕೈಗೆ ಬಂದರೆ ನಾನು ಮೊದಲು ನೋಡುವುದು ಬೆನ್ನನ್ನು. ಎದುರುಗಡೆ ಯಾರು ಬೇಕಾದರೂ ಬಣ್ಣ ಬಳಿಯುತ್ತಾರೆ, ಹಿಂದುಗಡೆಗೆ ಅಷ್ಟು ಮುತುವರ್ಜಿ ಯಾರಿಗೂ ಇರುವುದಿಲ್ಲ. ಮ್ಯೂಸಿಯಂ ಒಂದರಲ್ಲಿ ಮರದ ಮೂರ್ತಿಗಳನ್ನು ದುರಸ್ತಿ ಮಾಡುತ್ತಲೇ ತಲೆ ನರೆತವಳು ನಾನು. ನಿವೃತ್ತಿಯಾದ ಮೇಲೂ ಜನ ತಮ್ಮ ಮನೆಯ ಸಂತರನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಎಷ್ಟು ಹಳೆಯದು, ಎಲ್ಲಿಯದು ಹೇಳಿ ಎಂದು ಬಸವೇಶ್ವರನಗರದ ನಮ್ಮ ಮನೆಗೆ ಬರುತ್ತಾರೆ. "ಲಿಂಗ ಕಟ್ಕೊಂಡೋರ ಮನೇಲಿ ಸಂತರ ಕ್ಲಿನಿಕ್ಕು" ಎಂದು ನನ್ನ ಗಂಡ ನಗುತ್ತಾರೆ. ನಗಲಿ. ಊಟ ಬಿಟ್ಟೇನು, ಹಳೆಯ ಮರ ನೋಡುವುದನ್ನು ಬಿಡಲಾರೆ.

ಕಳೆದ ವರ್ಷ ಅತ್ತಿಗುಪ್ಪೆಯಿಂದ ಒಬ್ಬರು ಬಂದರು. ಬ್ಯಾಂಕಿನಿಂದ ನಿವೃತ್ತರಾದ ಹೆಂಗಸು, ಮನೆಮಾತು ಕೊಂಕಣಿ. ತಂದದ್ದು ಮೊಳದುದ್ದದ ಸಂತ ಅಂತೋಣಿ, ಅವರ ಎಡಗೈ ಮೇಲೆ ಬಾಲಯೇಸು. ಇಬ್ಬರಿಗೂ ಗೇಟಿಗೆ ಬಳಿಯುವಂಥ ಮಿರಿಮಿರಿ ಎನಾಮೆಲ್.

"ಅಮ್ಮ ಹೋದ್ಮೇಲೆ ಇದು ಕೆಂಗೇರಿ ಉಪನಗರದಲ್ಲಿ ನನ್ನ ತಂಗಿ ಹತ್ರ ಇತ್ತು. ಬಣ್ಣ ಹೊಡಿಸ್ತೀನಿ ಅಂತ ಯಾರಿಗೋ ಕೊಟ್ಟಳು. ವಾಪಸ್ ಬಂದಿದ್ದು ಬೇರೆ ಮೂರ್ತಿ ಮೇಡಂ. ಹಳೇದನ್ನ ಎಲ್ಲೋ ದಾಟಿಸಿದಾಳೆ."

ತಂಗಿ ಹಾಗೇನೂ ಮಾಡಿಲ್ಲ ಎಂದು ಆಣೆ ಇಟ್ಟಿದ್ದಳಂತೆ. ನಂಬದಿದ್ದರೆ ನೀನೇ ಇಟ್ಟುಕೋ ಎಂದು ಮೂರ್ತಿಯನ್ನು ಅಕ್ಕನ ಮನೆಯಲ್ಲಿ ಬಿಟ್ಟು ಹೋದವಳು ಮತ್ತೆ ಬಂದಿಲ್ಲ. ಇಬ್ಬರಿಗೂ ಮಾತಿಲ್ಲ. ಈಗ ಇವರ ಮಗಳ ಮದುವೆ ಗೊತ್ತಾಗಿತ್ತು.

"ನೀವು ನೋಡಿ ಹೇಳಿ. ಅಮ್ಮಂದೇ ಆಗಿದ್ರೆ ತಂಗೀನ ಮದುವೆಗೆ ಕರೀತೀನಿ. ಅಲ್ಲಾಂದ್ರೆ ಇಲ್ಲ."

ನನಗೆ ಸಿಟ್ಟೇ ಬಂತು. ಮರದ ವಯಸ್ಸು ಹೇಳುವುದು ನನ್ನ ಕೆಲಸ, ಮದುವೆಗೆ ಯಾರು ಬರಬೇಕೆಂದು ತೀರ್ಪು ಕೊಡುವುದಲ್ಲ. ಆದರೆ ಅಷ್ಟರಲ್ಲಿ ಅಂತೋಣಿಯವರು ನನ್ನ ಮಡಿಲಲ್ಲಿ ಮಲಗಿಯಾಗಿತ್ತು.

"ಬೇರೇದು ಅಂತ ನಿಮಗೆ ಹೇಗನ್ನಿಸ್ತು?" ಎಂದು ಕೇಳಿದೆ.

"ಮಗು ಕಳಚಿ ಬರಲ್ಲ. ಮನೇಲಿ ಏನಾದ್ರೂ ಕಳೆದ್ರೆ, ಯಾರಿಗಾದ್ರೂ ಹುಷಾರಿಲ್ದಿದ್ರೆ, ಅಮ್ಮ ಸಂತರ ಕೈಯಿಂದ ಮಗೂನ ತೆಗೆದು ಅಕ್ಕಿ ಡಬ್ಬದಲ್ಲಿ ಬಚ್ಚಿಡ್ತಿದ್ರು. ಕೇಳಿದ್ದು ಕೊಟ್ಟರೆ ಮಗು ವಾಪಸ್. ಇದನ್ನ ಎಳೆದೂ ಎಳೆದೂ ನೋಡಿದೀನಿ, ಅಲ್ಲಾಡಲ್ಲ."

ಮಗುವನ್ನು ಒತ್ತೆಯಿಟ್ಟುಕೊಂಡು ಸಂತರಿಂದಲೇ ಕೆಲಸ ಮಾಡಿಸುತ್ತಿದ್ದ ಆ ತಾಯಿ ನನಗೆ ಬಹಳ ಹಿಡಿಸಿದರು.

ಪೀಠ ನೋಡಿದಾಗ ಅಕ್ಕನ ಮಾತೇ ನಿಜವೆನಿಸಿತು. ಹೊಸ ಹಲಗೆ, ಯಂತ್ರದ ಗರಗಸದ ಗೀರು, ಸ್ಟಾರ್ ಸ್ಕ್ರೂ. ಆದರೆ ಗೆದ್ದಲು ಹಿಡಿದರೆ ಪೀಠವನ್ನಷ್ಟೇ ಬದಲಾಯಿಸುವುದೂ ಉಂಟು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದಿದ್ದಾರಲ್ಲ, ಬೆನ್ನು ತಿರುಗಿಸಿದೆ. ಮರ ಒಣಗಿ ಸೀಳದಿರಲೆಂದು ಹಿಂದಿನಿಂದ ಟೊಳ್ಳು ಮಾಡಿದ್ದರು, ಎನಾಮೆಲ್ ಅಲ್ಲಿಯವರೆಗೆ ಹೋಗಿರಲಿಲ್ಲ. ಉಳಿಯ ಏಟುಗಳು ಒಂದರಂತೆ ಒಂದಿಲ್ಲ, ಕೈಕೆಲಸವೇ. ಮರ ಹಲಸು, ಹಳದಿಯೆಲ್ಲ ಹೋಗಿ ಕಂದು ತಿರುಗಿತ್ತು. ಮಗುವಿನ ಹೊಟ್ಟೆಯ ಮಡಿಕೆ, ಮೊಣಕಾಲಿನ ದುಂಡು ನೋಡಿದರೆ ಕೆತ್ತಿದವನಿಗೆ ಬಾಲಕೃಷ್ಣನನ್ನು ಮಾಡಿ ಅಭ್ಯಾಸವಿದ್ದಿರಬೇಕು. ಕರಾವಳಿಯ ಕೆಲಸ, ನೂರು ವರ್ಷ ದಾಟಿದ್ದರೂ ಆಶ್ಚರ್ಯವಿಲ್ಲ. ಹಳೆಯದೇನೋ ಹೌದು, ಆದರೆ ಇವರ ಅಮ್ಮನದೇ ಎನ್ನಲು ಅಷ್ಟು ಸಾಲದು.

ಭೂತಗನ್ನಡಿ ಹಿಡಿದು ಮಗು ಕೂತ ಜಾಗ ನೋಡಿದೆ. ಸಂದಿಯಲ್ಲಿ ಎನಾಮೆಲ್ ಇಳಿದು ಕಲ್ಲಾಗಿತ್ತು. ಪೇಂಟರಿಗೆ ಈ ಪದ್ಧತಿ ಎಲ್ಲಿ ಗೊತ್ತು, ಸಂತರನ್ನೂ ಮಗುವನ್ನೂ ಸೇರಿಸಿಯೇ ಬಳಿದಿದ್ದ. ತೆಳು ಬ್ಲೇಡಿನಿಂದ ಸುತ್ತಲೂ ನಿಧಾನವಾಗಿ ಬಿಡಿಸಿದೆ. ಮಗು ಟಕ್ಕೆಂದು ಕೈಗೆ ಬಂತು. ಸಂತರ ಕೈಯಲ್ಲಿದ್ದ ತೂತು, ಮಗುವನ್ನು ಹಾಕಿ ತೆಗೆದು ಮಾಡಿ ಸವೆದು ಅಗಲವಾಗಿತ್ತು. ಮಗು ಸಡಿಲವಾಗದಿರಲೆಂದು ಅದರ ಕೆಳಗಿನ ಗೂಟಕ್ಕೆ ಯಾರೋ ನೀಲಿ ಚೌಕುಳಿ ಬಟ್ಟೆ ಸುತ್ತಿ ಹೊಲಿದಿದ್ದರು.

ಆಕೆ ಮಗುವನ್ನು ನನ್ನ ಕೈಯಿಂದ ಕಿತ್ತುಕೊಂಡರು ಎಂದೇ ಹೇಳಬೇಕು.

"ನನ್ನ ಸ್ಕೂಲ್ ಯೂನಿಫಾರ್ಮು. ನಂಗೆ ಗಿಡ್ಡ ಆದ್ಮೇಲೆ ತಂಗಿ ಹಾಕ್ಕೊಂಡ್ಲು. ಅವಳು ಹರಿದ್ಮೇಲೆ ಅಮ್ಮ..."

ನಾನು ಹಲಸು, ಕರಾವಳಿ ಎಂದು ವಿವರಿಸುತ್ತಲೇ ಇದ್ದೆ, ಕೇಳುವವರು ಯಾರು? ಆಕೆ ಫೋನ್ ಹಿಡಿದು ವರಾಂಡಕ್ಕೆ ಹೋದರು. ಕೊಂಕಣಿ ನನಗೆ ತಿಳಿಯದು. ಮೊದಲು ಇವರೇ ಗಡಿಬಿಡಿಯಲ್ಲಿ ಏನೇನೋ ಹೇಳಿದರು, ಆಮೇಲೆ ಬರೀ ಕೇಳಿಸಿಕೊಂಡರು. ಮಾತು ಬೇಗ ಮುಗಿಯಿತು.

"ತಂಗಿ ಏನಂದ್ರು?" ತಡೆಯಲಾರದೆ ಕೇಳಿದೆ.

"ಮರ ಹೇಳಿದ್ರೆ ನಂಬ್ತೀಯ, ನಾನು ಹೇಳಿದ್ದು ನಂಬ್ಲಿಲ್ಲ ಅಲ್ವಾ ಅಕ್ಕ, ಅಂದ್ಲು."

"ಮದುವೆಗೆ ಕರೆದ್ರಾ?"

ಆಕೆ ಮಗುವನ್ನು ಸೆರಗಿನಲ್ಲಿ ಒರೆಸುತ್ತಾ ನಿಂತರು.

"ಯಾವ ಮುಖ ಇಟ್ಕೊಂಡು ಕರೀಲಿ ಮೇಡಂ?"