ಕೋಟಿನ ಅಳತೆಗೆ ಹೊಲಿದ ಬೈಕ್ ಚೀಲ

ಗೋದಾಮಿನಲ್ಲಿ ಯಾವ ಪೆಟ್ಟಿಗೆ ಯಾವ ಮೂಲೆಯಲ್ಲಿದೆ ಅಂತ ಕಣ್ಣುಮುಚ್ಚಿಕೊಂಡು ಹೇಳುವುದಕ್ಕೇ ಇವನಿಗೆ ಸಂಬಳ. ತನ್ನ ಬೈಕಿನ ಕೀಲಿ ಎಲ್ಲಿದೆ ಅಂತ ಕೇಳಿದರೆ ಮಾತ್ರ ಮೈಯೆಲ್ಲ ತಟ್ಟಿಕೊಂಡು ನಿಲ್ಲುತ್ತಿದ್ದ. ಜೊತೆ ಕೆಲಸದವರು ಇಟ್ಟ ಹೆಸರು ಹುಡುಕಪ್ಪ. ಆ ಹೆಸರಿಗೆ ಇವನು ಸಲೀಸಾಗಿ ಓಗೊಡುತ್ತಲೂ ಇದ್ದ.

ಹಿಂದಿನ ಸಲ ಹೆಂಡತಿಯ ಜೊತೆ ಬೈಕಿನಲ್ಲಿ ಊರು ಸುತ್ತಲು ಹೋದಾಗ, ಸ್ಪ್ಯಾನರ್ ಸಿಗಲಿಲ್ಲವೆಂದು ಹೆದ್ದಾರಿ ಪಕ್ಕದಲ್ಲೇ ಇಡೀ ಚೀಲ ಸುರಿದಿದ್ದ. ಅವಳ ಬಟ್ಟೆಗಳು ಗಾಳಿಗೆ ಹಾರಿ ಬೇಲಿ ಹತ್ತಿದವು. ಒಂದು ಬಸ್ಸಂತೂ ನೋಡಲೆಂದೇ ನಿಧಾನವಾಯಿತು.

"ಇನ್ನು ನಿನ್ನ ಬೈಕ್ ಹತ್ತಿದ್ರೆ ಕೇಳು" ಎಂದಳು ಅವಳು, ಮುಳ್ಳಿನಿಂದ ಅಂಗಿ ಬಿಡಿಸಿಕೊಳ್ಳುತ್ತ.

ಆಮೇಲೊಂದು ಭಾನುವಾರ ಒಬ್ಬನೇ ಹೋದ. ತಿರುವಿನಲ್ಲಿ ಚೆಂದದ ಕೆರೆ ಕಂಡು "ನೋಡೇ" ಅಂತ ಹಿಂದಕ್ಕೆ ತಿರುಗಿದರೆ, ಸೀಟಿಗೆ ಕಟ್ಟಿದ್ದ ಅವಳ ಖಾಲಿ ಹೆಲ್ಮೆಟ್ಟು. ಅವತ್ತೇ ತೀರ್ಮಾನಿಸಿದ: ಒಂದೊಂದು ಸಾಮಾನಿಗೂ ಒಂದೊಂದು ಜೇಬಿರುವ ಚೀಲ ಹೊಲಿಸಬೇಕು, ಅವಳನ್ನು ಮತ್ತೆ ಹಿಂದೆ ಕೂರಿಸಿಕೊಳ್ಳಬೇಕು.

ಹೊಲಿಯುವವರು ಅವಳ ಸೋದರಮಾವ. ಕೋಟು ಹೊಲಿದೇ ತಲೆ ಬೆಳ್ಳಗಾದವರು. ಸ್ಪ್ಯಾನರ್, ಪಂಪು, ಟಾರ್ಚುಗಳನ್ನು ಮೇಜಿನ ಮೇಲೆ ಸಾಲಾಗಿ ಮಲಗಿಸಿ ಟೇಪು ಹಿಡಿದರು.

"ಸ್ವಲ್ಪ ಸಡಿಲ ಬಿಡ್ತೀರಾ ಮಾವ?"

"ಸಡಿಲ ಬೇಕಿದ್ರೆ ದಿಂಬಿನ ಕವರ್ ಹೊಲಿಸ್ಕೊಳ್ಳಿ ಅಳಿಯಂದಿರೇ! ನಂದು ಅಂದ್ರೆ ಫಿಟ್ಟಿಂಗ್."

ಮಾವನ ಕತ್ತರಿಯ ಮುಂದೆ ಇವನ ಬಾಯಿ ಯಾವತ್ತೂ ಜೋರಾಗಿದ್ದಿಲ್ಲ. ಹೂಂ ಅಂದ.

ಚೀಲ ಬಂತು. ಸೀಟಿನ ಎರಡೂ ಬದಿಗೆ ಇಳಿಬಿಟ್ಟರೆ ಬೈಕಿಗೇ ಕೋಟು ತೊಡಿಸಿದಂತಿತ್ತು. ಅಂಗಳದಲ್ಲಿ ಪರೀಕ್ಷೆ. ಹೆಂಡತಿ ಮೆಟ್ಟಿಲ ಮೇಲೆ ಕೈಕಟ್ಟಿ ಕೂತಳು. ಮಾವ ಪಕ್ಕದಲ್ಲಿ, ಸನ್ಮಾನಕ್ಕೆ ಬಂದವರ ಹಾಗೆ.

"ಸ್ಪ್ಯಾನರ್ ತೆಗಿ" ಎಂದಳು ಅವಳು.

ಎಲ್ಲಿದೆ ಅಂತ ತಕ್ಷಣ ಗೊತ್ತಾಯಿತು! ಹುಟ್ಟಿದ ಮೇಲೆ ಇದೇ ಮೊದಲು. ಆದರೆ ಜೇಬಿನೊಳಕ್ಕೆ ಬೆರಳೇ ಇಳಿಯಲಿಲ್ಲ. ಹಿಡಿದೆಳೆದ. ಬೈಕೇ ವಾಲಿತು.

"ಹೋಗ್ಲಿ, ಟಾರ್ಚು?"

ಹಿಂಡಿದ ರಭಸಕ್ಕೆ ಟಾರ್ಚು ಒಳಗೇ ಹೊತ್ತಿಕೊಂಡಿತು. ಹೊರಗೆ ಮಾತ್ರ ಬರಲಿಲ್ಲ. ಇವನು ಚಕ್ರಕ್ಕೆ ಕಾಲು ಕೊಟ್ಟು ಜಗ್ಗುತ್ತಿದ್ದರೆ ಅವಳು ನಕ್ಕೂ ನಕ್ಕೂ ಒಂದು ಮೆಟ್ಟಿಲು ಕೆಳಗೆ ಜಾರಿದಳು.

"ಮಾಮ, ಕೋಟು ಹಾಕ್ಕೊಂಡವರು ತಾವೇ ಬಿಚ್ಕೊಂಡು ಹೊರಗೆ ಬರ್ತಾರೆ. ಸ್ಪ್ಯಾನರ್‌ಗೆ ಆ ಬುದ್ಧಿ ಎಲ್ಲಿಂದ ಬರ್ಬೇಕು?"

"ಎಲ್ಲಾದ್ರೂ ಒಂದು ಸುಕ್ಕು ತೋರಿಸು ನೋಡೋಣ" ಎಂದರು ಮಾವ, ಮುಖ ಊದಿಸಿಕೊಂಡು.

ಇವನು ಬೆವರೊರೆಸಿಕೊಂಡ. "ಹಾಗಾದ್ರೆ ನೀನು ಬರಲ್ಲ, ಅಲ್ವಾ?"

ಅವಳು ಎದ್ದು ಬಂದು ಚೀಲದ ಎಡಭಾಗವನ್ನು ತಟ್ಟಿ ನೋಡಿದಳು.

"ಈ ಕಡೆದೆಲ್ಲ ಬಿಚ್ಚಿ ಒಂದೇ ದೊಡ್ಡ ಜೇಬು ಮಾಡ್ಕೊಡಿ ಮಾಮ. ನನ್ನ ಬಟ್ಟೆಗೆ. ಬೀಗ ಹಾಕೋ ಥರ ಇರ್ಲಿ, ಕೀಲಿ ನನ್ನ ಹತ್ರ. ಬಲಗಡೆ ಇವನ ಸಾಮಾನಿಗೆ ಎರಡು ಬೆರಳು ಸಡಿಲ ಕೊಡಿ, ಪಾಪ."

ಸಡಿಲ ಎಂಬ ಮಾತಿಗೆ ಮಾವ ಕಿವಿ ಮುಚ್ಚಿಕೊಳ್ಳುವುದೊಂದು ಬಾಕಿ. ಆದರೂ ಜೇಬಿನಿಂದ ಟೇಪು ಎಳೆದರು. ಅಷ್ಟರಲ್ಲಿ ಅವಳು ಹಿಂದಿನ ಸೀಟು ಹತ್ತಿ ಕೂತಿದ್ದಳು.

"ಮೊಣಕಾಲಿಗೆ ತಾಗತ್ತೆ. ಒಂದು ಗೇಣು ಹಿಂದೆ ಸರಿಸ್ಬೇಕು."

ಇವನು ಬೈಕು ವಾಲಿದರೆ ಎಲ್ಲಿ ಇಳಿದುಬಿಡುತ್ತಾಳೋ ಎಂದು ಎರಡೂ ಕೈಯಲ್ಲಿ ಹ್ಯಾಂಡಲ್ ಬಿಗಿಯಾಗಿ ಹಿಡಿದು ನಿಂತ.