ಅಮ್ಮನ ಅಕ್ಷರದಲ್ಲಿ ಮಾಶಿಯ ಪದ್ಯ

ಹೋದ ತಿಂಗಳು ಇರ್ವಿಂಗಿನ ಇಂಡಿಯನ್ ಅಂಗಡಿಯಲ್ಲಿ ಯಾರದೋ ಕೈತಪ್ಪಿ ಸಾಸಿವೆ ಎಣ್ಣೆಯ ಬಾಟಲಿ ಒಡೆಯಿತು. ಘಾಟು ಮೂಗಿಗೇರಿದ್ದೇ ತಡ, ನಾನು ತರಕಾರಿ ಗಾಡಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ನಾನು ಚಿಕ್ಕವಳಿದ್ದಾಗ ಹ್ಯೂಸ್ಟನ್ನಿನ ಸೈಪ್ರೆಸ್‌ನಲ್ಲಿ ನಮ್ಮ ಪಕ್ಕದ ಮನೆಯ ಬಾಗಿಲು ತೆರೆದರೆ ಮೊದಲು ಎದುರಾಗುತ್ತಿದ್ದದ್ದು ಈ ವಾಸನೆಯೇ. ಈ ದೇಶದಲ್ಲಿ ಆ ಬಾಟಲಿಯ ಮೇಲೆ ‘ಮೈಗೆ ಹಚ್ಚಲು ಮಾತ್ರ’ ಎಂದು ಅಚ್ಚು ಹಾಕಿರುತ್ತಾರೆ. ಅದನ್ನು ಗಟ್ಟಿಯಾಗಿ ಓದಿ, ಬಾಣಲೆಗೆ ಧಾರಾಳವಾಗಿ ಸುರಿದು, ನನ್ನ ಕಡೆ ಕಣ್ಣು ಮಿಟುಕಿಸುತ್ತಿದ್ದವರು ನಿರುಪಮಾ ಮಾಶಿ. ಮಾಶಿ ಎಂದರೆ ಬಂಗಾಳಿಯಲ್ಲಿ ಅಮ್ಮನ ಅಕ್ಕತಂಗಿ. ಕಂಡಕಂಡವರನ್ನೆಲ್ಲ ಆಂಟಿ ಅನ್ನುತ್ತಿದ್ದ ನಾನು ಅವರನ್ನು ಮಾತ್ರ ಹಾಗೆ ಕರೆಯುವಂತಿರಲಿಲ್ಲ. ಕರೆದರೆ ಆವತ್ತು ಅವರು ಮಾಡಿದ ಸಂದೇಶ್ ಮಿಠಾಯಿ ಸಿಗುತ್ತಿರಲಿಲ್ಲ.

ಮಾಶಿ ಕವಿ. ಕಲ್ಕತ್ತೆಯಲ್ಲಿ ಅವರದೊಂದು ತೆಳ್ಳನೆಯ ಪದ್ಯದ ಪುಸ್ತಕ, ಒಂದು ಪ್ರಬಂಧಗಳ ಪುಸ್ತಕ ಅಚ್ಚಾಗಿದ್ದವು. ನನಗೆ ಎಂಟು ವರ್ಷವಾಗಿದ್ದಾಗ ನಾವು ಮೈಸೂರಿನಿಂದ ಹ್ಯೂಸ್ಟನ್ನಿಗೆ, ಅವರ ಪಕ್ಕದ ಮನೆಗೆ ಬಂದೆವು. ಅಷ್ಟು ಹೊತ್ತಿಗೆ ಅವರ ಗಂಡ ತೀರಿಕೊಂಡಿದ್ದರು, ಮಗ ಬಾಪ್ಪಾ ಆಸ್ಟಿನ್ನಿನಲ್ಲಿ ಓದುತ್ತಿದ್ದ. ಮಾಶಿ ತಾವು ಕಂಡದ್ದನ್ನೇ ಬರೆಯುತ್ತಿದ್ದರು: ಹಿತ್ತಲಿನ ಪೆಕಾನ್ ಮರ, ಚಂಡಮಾರುತಕ್ಕೆ ಹೆದರಿ ಬಾತ್‌ಟಬ್ಬಿನಲ್ಲಿ ನೀರು ತುಂಬಿಟ್ಟುಕೊಂಡು ಕೂತ ದಿನ, ಮೀನಂಗಡಿಯವನೊಡನೆ ನಡೆದ ವಾದ. ನನ್ನಮ್ಮ ಶಾರದೆ ಈರುಳ್ಳಿಯನ್ನೂ ಅನುಮಾನದಿಂದ ನೋಡುವ ಪೈಕಿ. ಮಾಶಿಯ ಮನೆಯಲ್ಲಿ ಮೀನು ಬೇಯುತ್ತಿದ್ದ ದಿನ ಕಿಟಕಿ ತೆರೆದುಕೊಂಡು, ಮೂಗಿಗೆ ದುಪಟ್ಟಾ ಒತ್ತಿಕೊಂಡು ಕೂರುತ್ತಿದ್ದಳು. ಆದರೂ ಹೋಗುವುದನ್ನು ಮಾತ್ರ ತಪ್ಪಿಸುತ್ತಿರಲಿಲ್ಲ. ಇಬ್ಬರೂ ಮಾತಾಡುತ್ತಿದ್ದದ್ದು ಹರಕುಮುರುಕು ಹಿಂದಿಯಲ್ಲಿ. ಅದಕ್ಕೇ ಇರಬೇಕು, ಅವರಿಬ್ಬರ ನಡುವೆ ಒಂದು ದಿನವೂ ಜಗಳವಾಗಲಿಲ್ಲ.

ನಾನು ಮಿಡ್ಲ್ ಸ್ಕೂಲಿಗೆ ಬರುವ ಹೊತ್ತಿಗೆ ಮಾಶಿಯ ಕೈ ನಡುಗಲು ಶುರುವಾಯಿತು. ಪೆನ್ನು ಹಿಡಿದರೆ ಗೀಟು ಎತ್ತೆತ್ತಲೋ ಓಡುತ್ತಿತ್ತು. ಬಾಪ್ಪಾ ಟೇಪ್‌ರೆಕಾರ್ಡರ್ ತಂದುಕೊಟ್ಟ. ಅದರ ಮುಂದೆ ಕೂತರೆ ಮಾಶಿಗೆ ಬಾಯಿಯೇ ಬರುತ್ತಿರಲಿಲ್ಲ. ಬಂಗಾಳಿ ಬರೆಯಬಲ್ಲ ಸ್ನೇಹಿತರೆಲ್ಲ ಊರಿನ ಇನ್ನೊಂದು ತುದಿಯಲ್ಲಿದ್ದರು. ಬಂದರೆ ಹಬ್ಬಕ್ಕೆ, ಹೋದರೆ ಊಟ ಮುಗಿಸಿ. ಒಂದು ಬೆಳಿಗ್ಗೆ ಅಮ್ಮ ಅಪ್ಪನ ಆಫೀಸಿನ ಹಳೇ ಪ್ರಿಂಟ್‌ಔಟುಗಳನ್ನು ಮಗುಚಿ ಹಾಕಿಕೊಂಡು, ನೀವು ಹೇಳುತ್ತಾ ಹೋಗಿ ದೀದಿ, ಕೇಳಿದ್ದನ್ನು ಕೇಳಿದ ಹಾಗೆ ನಮ್ಮ ಅಕ್ಷರದಲ್ಲಿ ಬರೆದುಕೊಳ್ಳುತ್ತೇನೆ ಎಂದಳು. ಹಾಗೆ ಶುರುವಾಯಿತು. ಮಾಶಿ ಬಂಗಾಳಿಯಲ್ಲಿ ಹೇಳುವುದು, ಅಮ್ಮ ಅದನ್ನೇ ಕನ್ನಡ ಅಕ್ಷರದಲ್ಲಿ ಗೀಚುವುದು. ಹಾಳೆ ಮುಗಿದ ಮೇಲೆ ಅಮ್ಮ ಅದನ್ನು ಓದಿ ಹೇಳಬೇಕು. ಮಾಶಿ ಕಣ್ಣು ಮುಚ್ಚಿ ಕೇಳಿ, ತಪ್ಪಿದ ಕಡೆ ಮೇಜು ಕುಟ್ಟುತ್ತಿದ್ದರು. ನನಗೆ ಇದೆಲ್ಲ ಹುಚ್ಚಾಟ ಅನ್ನಿಸುತ್ತಿತ್ತು.

“ಅಮ್ಮ, ಅರ್ಥಾನೇ ಆಗ್ದಿದ್ರೆ ವೈ ಆರ್ ಯು ರೈಟಿಂಗ್?”

“ಅರ್ಥ ಮಾಡ್ಕೊಳ್ಳೋರು ಎಲ್ಲೋ ಇರ್ತಾರೆ ಕಣೆ. ಈಗ ಎದುರಿಗೆ ಕೂತ್ಕೊಳ್ಳೋರು ಒಬ್ರು ಬೇಕಲ್ವಾ?”

ಹೀಗೆ ಎರಡು ಚಳಿಗಾಲ ಬರೆದರು. ಮೂರನೆಯ ಚಳಿಗಾಲ ಆಸ್ಪತ್ರೆಗೆ ಹೋದ ಮಾಶಿ ಮನೆಗೆ ವಾಪಸ್ ಬರಲಿಲ್ಲ. ಬಾಪ್ಪಾ ಮನೆಯನ್ನು ಬಾಡಿಗೆಗೆ ಕೊಟ್ಟ, ಹಾಳೆಗಳು ಅಮ್ಮನ ಹತ್ತಿರವೇ ಉಳಿದವು. ನೋಡಿ ಎಂಥ ಪೇಚು: ಬಂಗಾಳಿಗಳಿಗೆ ಲಿಪಿ ಗೊತ್ತಿಲ್ಲ, ನಮಗೆ ಭಾಷೆ ಗೊತ್ತಿಲ್ಲ. ಅಮ್ಮ ಒಬ್ಬಿಬ್ಬರಿಗೆ ತೋರಿಸಿದಳು. ಅವರು ತಿರುಗಿಸಿ ಮುರುಗಿಸಿ ನೋಡಿ, ಒಳ್ಳೇ ಜಿಲೇಬಿ ಹಾಗಿದೆ ಎಂದು ನಕ್ಕು ವಾಪಸ್ ಕೊಟ್ಟರು. ಕೂತು ಕೇಳಿ, ನಾನೇ ಓದುತ್ತೇನೆ ಅನ್ನುವ ಧೈರ್ಯ ನನ್ನಮ್ಮನಿಗೆ ಇರಲಿಲ್ಲ. ಕೊನೆಗಾಲದಲ್ಲಿ ಫ್ಲವರ್ ಮೌಂಡ್ ಅನ್ನುವ ಊರಿನ ನನ್ನ ಮನೆಗೆ ಬಂದಾಗಲೂ ಆ ಕಟ್ಟು ಅವಳ ಸೂಟ್‌ಕೇಸಿನಲ್ಲಿತ್ತು. “ಎಸೀಬೇಡ ಕಣೆ. ಇದು ಅವ್ರ ಜನದ ಕಿವಿಗೆ ಬೀಳ್ಬೇಕು,” ಅನ್ನುತ್ತಿದ್ದಳು. ಹೋದ ವರ್ಷ ಅವಳೂ ಹೋದಳು. ಆಮೇಲೆ ಲೋಕದಲ್ಲಿ ಆ ಪದ್ಯಗಳಿಗೆ ನಾನೊಬ್ಬಳೇ ದಿಕ್ಕು ಅನ್ನಿಸಿ ಭಯವಾಗುತ್ತಿತ್ತು. ಅಮ್ಮನ ಗೀಚು ಬರಹ ಓದಬಲ್ಲವರು ಇನ್ಯಾರಿದ್ದಾರೆ?

ಅಂಗಡಿಯಿಂದ ಬಂದವಳೇ ಬಾಪ್ಪಾನಿಗೆ ಫೋನ್ ಮಾಡಿ ಹಾಳೆಗಳ ವಿಷಯ ಹೇಳಿದೆ. ಸೈಪ್ರೆಸ್ಸಿನ ಮನೆ ಮಾರಾಟವಾಗಿದೆ, ಬೀಗದ ಕೈ ಕೊಡುವ ಮುಂಚೆ ತಾಯಿಯ ಹಳೇ ಬಂಗಾಳಿ ಸ್ನೇಹಿತರನ್ನು ಕರೆಯುತ್ತೇನೆ, ಬಂದು ಓದುತ್ತೀಯಾ ಎಂದು ಕೇಳಿದ. ಶನಿವಾರ ಡ್ರೈವ್ ಮಾಡಿಕೊಂಡು ಹೋದೆ. ಹಾಲ್ ಬರಿದಾಗಿತ್ತು, ಗೋಡೆಗೆ ಹೊಸ ಬಣ್ಣ ಹೊಡೆಸಿದ್ದರು. ಮಡಚುವ ಕುರ್ಚಿಗಳಲ್ಲಿ ಐದಾರು ಮಂದಿ ಮುದುಕ ಮುದುಕಿಯರು. ನನ್ನ ಪಕ್ಕ ಬಾಪ್ಪಾ, ತಲೆ ನರೆಯುತ್ತಿದೆ. ತಾಯಿಯ ಭಾಷೆ ಅವನಿಗೆ ಊಟ ತಿಂಡಿ ಕೇಳುವಷ್ಟೇ ಬರುತ್ತದೆ.

ಓದಲು ಶುರು ಮಾಡಿದೆ. ಮೊದಲಿಗೆ ನನ್ನ ಉಚ್ಚಾರ ಕೇಳಿ ಅವರ ಹುಬ್ಬು ಗಂಟಿಕ್ಕಿತು. ಒಬ್ಬ ಅಜ್ಜಿ ಬಾಯಲ್ಲೇ ತಿದ್ದುತ್ತಿದ್ದರು. ಎರಡನೆಯ ಹಾಳೆಗೆ ತಿದ್ದುವುದು ನಿಂತಿತು, ಅವರು ಕುರ್ಚಿಯ ಅಂಚಿಗೆ ಬಂದು ಕೂತರು. ಮೂರನೆಯದರ ನಡುವೆ ಒಬ್ಬರು ಕಿಸಕ್ಕೆಂದರು, ಇನ್ನೊಬ್ಬರು ತೊಡೆ ತಟ್ಟಿಕೊಂಡರು. ನೋಡುತ್ತಿದ್ದಂತೆ ಅಷ್ಟೂ ಮಂದಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ಬಾಪ್ಪಾ ನನ್ನ ಕಡೆ ಬಗ್ಗಿ, “ವಾಟ್ ಡಿಡ್ ಮಾ ಸೇ?” ಎಂದು ಪಿಸುಗುಟ್ಟಿದ.

ಗೊತ್ತಿಲ್ಲ ಎಂದು ತಲೆಯಾಡಿಸಿದೆ. ಓದಿದವಳು ನಾನೇ.

ಅಜ್ಜಿ ಕನ್ನಡಕ ತೆಗೆದು ಒರೆಸಿಕೊಂಡರು. ಅದನ್ನು ಇಂಗ್ಲಿಷಿಗೆ ತಂದರೆ ಸತ್ತುಹೋಗುತ್ತದೆ ಮಗು, ಇನ್ನೊಂದು ಸಲ ಓದು ಎಂದರು. ಅಮ್ಮನ ಅಕ್ಷರದ ಮೇಲೆ ಬೆರಳಿಟ್ಟುಕೊಂಡು ಮೊದಲಿನಿಂದ ಓದಿದೆ. ಅದೇ ಜಾಗಕ್ಕೆ ಬಂದಾಗ ಮತ್ತೆ ಎಲ್ಲರೂ ನಕ್ಕರು. ಈ ಸಲ ಬಾಪ್ಪಾನೂ ನಕ್ಕ. ನಕ್ಕವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.